ಒಂದು ಮೂಗು, ನಾಲ್ಕು ಕಡ್ಡಿ

ಹಡಗು ಹತ್ತುವವರ ಕೈಯಲ್ಲಿರುವ ಕೊರೊನಾ ವರದಿ ಹತ್ತುವ ಹೊತ್ತಿಗೆ ನಲವತ್ತೆಂಟು ತಾಸಿಗಿಂತ ಹಳೆಯದಾಗಿರಕೂಡದು ಎಂದು ಕಂಪನಿ ಕಳಿಸಿದ್ದ ನಿಯಮಗಳ ಮೂರನೆಯ ಕಲಮಿನಲ್ಲಿ ಬರೆದಿತ್ತು. ಹನ್ನೊಂದು ಪುಟದ ಆ ನಿಯಮಗಳನ್ನು ಹೊಸಪೇಟೆಯ ಪಟೇಲ್ ನಗರದ ಆ ಮನೆಯಲ್ಲಿ ಮೊದಲಿಂದ ಕೊನೆಯವರೆಗೆ ಓದಿದವಳು ಒಬ್ಬಳೇ, ಸೊಸೆ ವಂದನಾ. ಮಾವ ವೆಂಕೋಬರಾಯರು ನೀರಾವರಿ ಇಲಾಖೆಯಲ್ಲಿ ಮೂವತ್ತಾರು ವರ್ಷ ಎಂಜಿನಿಯರಾಗಿದ್ದು ನಿವೃತ್ತರಾದವರು. ಮೊದಲ ಪುಟ ತಿರುವಿ ಅಕ್ಷರ ಸಣ್ಣದಾಯಿತೆಂದರು. ಗಂಡ ಭಾರ್ಗವ್ ಸಂಡೂರಿನ ಗಣಿ ಕಂಪನಿಯ ಆಫೀಸಿನಲ್ಲಿ ದಿನವಿಡೀ ಇಂಥದ್ದೇ ಓದುತ್ತೇನೆ, ಮನೆಯಲ್ಲೂ ಬೇಡ ಎಂದ. ಅತ್ತೆ ಗಂಗಾಬಾಯಿಯಂತೂ ಇಂಗ್ಲಿಷು ಮುಟ್ಟಿದರೆ ಕೈ ತೊಳೆದುಕೊಳ್ಳುವ ಪೈಕಿ.

ವಂದನಾಳಿಗೆ ಅರ್ಜಿ, ಫಾರಮ್ಮು ಎಂದರೆ ನೀರು ಕುಡಿದಷ್ಟು ಸಲೀಸು. ಮದುವೆಗೆ ಮೊದಲು ಕಂಪ್ಲಿಯ ಬಸ್ ನಿಲ್ದಾಣದ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಅರ್ಧ ತಾಲ್ಲೂಕಿನ ಪಹಣಿ, ಜಾತಿ ಸರ್ಟಿಫಿಕೇಟು, ವಿದ್ಯಾರ್ಥಿ ವೇತನದ ಅರ್ಜಿಗಳನ್ನು ತುಂಬಿದವಳು ಅವಳು. ಹಾಗಾಗಿ ಹಡಗಿನ ಬುಕಿಂಗು ಅವಳ ಫೋನಿನಲ್ಲೇ ಆಯಿತು, ಅವಳ ಮೇಲ್ ವಿಳಾಸಕ್ಕೇ ಟಿಕೆಟು ಬಂತು. ಅತ್ತೆಯ ಲಸಿಕೆ ಸರ್ಟಿಫಿಕೇಟಿನಲ್ಲಿ ಗಂಗೂಬಾಯಿ ಎಂದು ಬಿದ್ದಿದ್ದ ಹೆಸರನ್ನು ನಾಲ್ಕು ದಿನ ಬೆನ್ನುಬಿದ್ದು ತಿದ್ದಿಸಿದಳು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕೆಂದು ಹಡಗಿನವರಿಗೆ ಮೂರು ಸಲ ಬರೆದಳು. ಮರಿಯಮ್ಮನಹಳ್ಳಿಯ ಪಾಲಯ್ಯನ ಇನ್ನೋವಾ ಗೊತ್ತುಮಾಡಿದಳು. ವಾರಾಂತ್ಯದ ಕರ್ಫ್ಯೂ ಶುಕ್ರವಾರ ರಾತ್ರಿ ಹತ್ತಕ್ಕೆ ಶುರುವಾಗುತ್ತದೆ, ಅದರೊಳಗೆ ಗೋವಾದ ಗಡಿ ದಾಟಬೇಕು ಎಂಬುದೂ ಅವಳ ಲೆಕ್ಕದಲ್ಲಿತ್ತು. ಗೋವಾದ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗಿ ಬರುವುದು, ನಾಲ್ಕು ರಾತ್ರಿ, ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಹತ್ತುವುದು. ಅತ್ತೆ ಮಾವಂದಿರ ಮದುವೆಗೆ ನಲವತ್ತು ವರ್ಷ ತುಂಬಿದ ನೆಪ.

ನೆಪ ಅವರದ್ದು, ಆಸೆ ಇವಳದ್ದು. ಅದನ್ನು ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಆಸೆ ಎಂದರೆ ಸಮುದ್ರ ನೋಡುವ ಆಸೆ ಎಂದುಕೊಳ್ಳಬೇಡಿ. ಹಂಪಿಯ ಹೊಳೆಯಲ್ಲಿ ಹರಿಗೋಲು ಹತ್ತಿದವಳಿಗೆ ನೀರು ಹೊಸದಲ್ಲ. ವಂದನಾ ಆ ಹಡಗಿನ ನಕ್ಷೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದಳು. ಕೋಣೆ, ಓಣಿಯಂಥ ದಾರಿ, ಮತ್ತೆ ಕೋಣೆ, ಊಟದ ಹಾಲು, ಮೇಲೆ ಬಯಲು. ಎಲ್ಲೂ ಹಿತ್ತಲ ಕೋಣೆ ಇರಲಿಲ್ಲ.

ಮನೆಯಲ್ಲಿ ಇತ್ತು. ಬಚ್ಚಲಿಗೆ ಅಂಟಿಕೊಂಡ, ತಗಡಿನ ಮಾಡಿನ, ಒಂದು ಚಾಪೆ, ಒಂದು ಕೊಡ, ಒಂದು ತಾಟು ಲೋಟ ಇದ್ದ ಕೋಣೆ. ತಿಂಗಳಿಗೆ ಮೂರು ದಿನ ಅವಳು ಅಲ್ಲಿ ಹೊರಗೆ ಕೂರಬೇಕು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಮದುವೆಯಾಗಿ ಬಂದ ಮೊದಲ ತಿಂಗಳೇ ಗಂಗಾಬಾಯಿ ಪಾಠ ಹೇಳಿಕೊಟ್ಟಿದ್ದಳು: ಊಟ ಬಾಗಿಲಲ್ಲಿ ಇಟ್ಟು ಹೋಗುತ್ತೇವೆ, ನಾವು ಸರಿದ ಮೇಲೆ ತೆಗೆದುಕೋ, ತಾಟು ನೀನೇ ತೊಳೆದು ಬೋರಲು ಹಾಕಿಡು, ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ. ಒಂಬತ್ತು ವರ್ಷ. ಮಕ್ಕಳಾಗಿದ್ದರೆ ಒಂದಷ್ಟು ತಿಂಗಳಾದರೂ ಉಳಿಯುತ್ತಿತ್ತು, ಅದೂ ಆಗಲಿಲ್ಲ. ಆ ಕೋಣೆಗೆ ಹೋಗುವುದೆಂದರೆ ಈ ತಿಂಗಳೂ ಇಲ್ಲ ಎಂದು ಓಣಿಗೆಲ್ಲ ಸಾರಿದ ಹಾಗೆ. ಒಮ್ಮೆ ಸುಮ್ಮನೆ ಕೂಡಿಸಿ ನೋಡಿದಳು, ಹೆಚ್ಚುಕಡಿಮೆ ಒಂದು ವರ್ಷ ಆ ತಗಡಿನ ಕೆಳಗೇ ಕಳೆದಿದ್ದಳು. ಹಡಗಿನಲ್ಲಿ ಹೊರಗೆ ಎಂದರೆ ನೀರು. ಎಷ್ಟೇ ಮಡಿಯ ಅತ್ತೆಯಾದರೂ ಸೊಸೆಯನ್ನು ನೀರಿಗೆ ಕಳಿಸುವ ಹಾಗಿಲ್ಲ. ನಾಲ್ಕು ದಿನವಾದರೂ ಎಲ್ಲರ ಜೊತೆ ಒಂದೇ ಮಾಡಿನ ಕೆಳಗೆ, ಯಾವ ದಿನ ಏನಾದರೂ ಎದ್ದು ಹೋಗದೆ ಇರಬೇಕು ಎಂಬುದು ಅವಳ ಹಟ.

ದಿನಗಳನ್ನೂ ಅವಳು ಎಣಿಸಿಕೊಂಡೇ ಇದ್ದಳು. ಆದರೆ ಹಿಂದಿನ ತಿಂಗಳು ಮನೆಯಲ್ಲಿ ಶ್ರಾದ್ಧ ಬಂದಿತ್ತು, ಕೆಲಸಕ್ಕೆ ಕೈ ಬೇಕೆಂದು ಅತ್ತೆಯೇ ಮುಂದೂಡುವ ಗುಳಿಗೆ ತಂದು ನುಂಗಿಸಿದ್ದಳು. ಗುಳಿಗೆ ಎಣಿಕೆಯನ್ನೆಲ್ಲ ಕೆಡಿಸಿ, ಬುಧವಾರ ಬೆಳಿಗ್ಗೆಯೇ ಅವಳನ್ನು ಹಿತ್ತಲ ಕೋಣೆಗೆ ಕಳಿಸಿತು. ಇರಲಿ, ಶನಿವಾರ ನಾಲ್ಕನೆಯ ದಿನ, ಗೋವಾದ ಲಾಜಿನಲ್ಲಿ ಸ್ನಾನ ಮಾಡಿ ನೇರ ಹಡಗಿಗೆ ಎಂದು ಸಮಾಧಾನ ಮಾಡಿಕೊಂಡಳು. ಕಾರಿನ ಹಿಂದಿನ ಸೀಟಿಗೆ ಹಾಸಲು ಪ್ಲಾಸ್ಟಿಕ್ ಹಾಳೆಯನ್ನು ಅತ್ತೆ ಆಗಲೇ ಮಡಚಿಟ್ಟಿದ್ದಳು.

ಪೆಟ್ಟು ಬಂದದ್ದು ಪಂಚಾಂಗದಿಂದ. ವೆಂಕೋಬರಾಯರು ಪೆನ್ಸಿಲು ಹಿಡಿದು ಲೆಕ್ಕ ಹಾಕಿದರು. ಶನಿವಾರ ಒಂದಕ್ಕೆ ಹತ್ತಬೇಕಾದರೆ ಗುರುವಾರ ಒಂದರ ನಂತರವೇ ಮೂಗಿನ ಮಾದರಿ ಕೊಡಬೇಕು. ಶುಕ್ರವಾರ ಕೊಟ್ಟರೆ ವರದಿ ಬರುವಷ್ಟರಲ್ಲಿ ಹೊರಡುವ ಹೊತ್ತು ಮೀರುತ್ತದೆ. ಗುರುವಾರ ಕೊಡೋಣವೆಂದರೆ ಅಂದು ವೈಕುಂಠ ಏಕಾದಶಿ, ಗಂಡಹೆಂಡಿರಿಬ್ಬರಿಗೂ ನೀರು ಸಹ ಮುಟ್ಟದ ಉಪವಾಸ.

ಅದೇ ಗುರುವಾರ ಬೆಳಿಗ್ಗೆ ಇನ್ನೊಂದು ಸಂಗತಿ ನಡೆಯಿತು. ಉಪವಾಸದವರು ಜಪಕ್ಕೆ ಕೂತಿದ್ದರು, ವಂದನಾ ಹಿತ್ತಲಲ್ಲಿದ್ದಳು. ಕಾಫಿಗೆ ಹಾಲು ಕಾಯಿಸಲು ಭಾರ್ಗವ್ ತಾನೇ ಒಲೆ ಹಚ್ಚಿದ. ಹಾಲು ಉಕ್ಕಿ, ಸೀದು, ಆ ಕಮಟು ಗೋಡೆ ದಾಟಿ ಹಿತ್ತಲವರೆಗೆ ಬಂತು. ವಂದನಾ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರೆ ಗಂಡ ಒಲೆಯ ಮುಂದೆಯೇ ಫೋನು ನೋಡುತ್ತ ನಿಂತಿದ್ದ. ಹೊಗೆ ಕಣ್ಣಿಗೆ ಬೀಳುವ ತನಕ ಅವನು ಅಲುಗಲಿಲ್ಲ. ಮಂಗಳವಾರ ಸಂಡೂರಿನಿಂದ ಬಂದಾಗಿಂದ ಅವನಿಗೆ ಸಣ್ಣ ಕೆಮ್ಮು. ಕೇಳಿದ್ದಕ್ಕೆ ಗಣಿಯ ಧೂಳು ಎಂದಿದ್ದ. ಆಫೀಸಿನಲ್ಲಿ ಅರ್ಧ ಜನ ಮಲಗಿದ್ದಾರೆ ಎಂದೂ ಅವನೇ ಹೇಳಿದ್ದ.

ಗಂಡ ತಂದಿಟ್ಟ ಕಾಫಿಯಲ್ಲಿ ಸೀದ ವಾಸನೆ ಹೊಡೆಯುತ್ತಿತ್ತು. ಅವನು ತನ್ನ ಲೋಟದ ಅದೇ ಕಾಫಿಯನ್ನು ಗಟಗಟ ಕುಡಿದ. ವಂದನಾ ಅವನ ಮುಖ ನೋಡಿದಳು, ಅವನು ಬೇರೆ ಕಡೆ ನೋಡಿದ. ಇಬ್ಬರಿಗೂ ತಿಳಿಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಅವನ ಮೂಗಿಗೆ ಕಡ್ಡಿ ಹೋದರೆ ಯಾರೂ ಹಡಗು ಹತ್ತುವುದಿಲ್ಲ. ಅವನು ಯಾಕೆ ಸುಮ್ಮನಿದ್ದನೋ ಅವನಿಗೇ ಗೊತ್ತು, ಇವಳು ಸುಮ್ಮನಿದ್ದದ್ದು ಹಡಗಿಗಾಗಿ. ಈ ಮಾತನ್ನು ಅವಳ ಪರವಾಗಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಒಂದೂವರೆಗೆ ಲ್ಯಾಬಿನ ಅಂಜಿನಿ ಬಂದ. ಬಿಳಿ ನಿಲುವಂಗಿಯೊಳಗೆ ಬೆವೆತು, ಬೆಳಗಿನಿಂದ ನಲವತ್ತು ಮನೆ ತಿರುಗಿ ಸುಸ್ತಾಗಿದ್ದ. ಅವನನ್ನು ನಡುಮನೆಗೆ ಬಿಡದೆ ಪಕ್ಕದ ಸಂದಿಯಿಂದ ಹಿತ್ತಲಿಗೇ ಕಳಿಸಿದರು. ಗಂಗಾಬಾಯಿ ಅಡುಗೆಮನೆಯ ಕಿಟಕಿಯ ಸರಳು ಹಿಡಿದು ತೀರ್ಪು ಕೊಟ್ಟಳು.

"ಏಕಾದಶಿ ದಿನ ಗಂಟಲಾಗ ಕಡ್ಡಿ ಹಾಕಿಸ್ಕೊಂಡ್ರ ಉಪವಾಸ ಉಳೀತದೇನು? ಊರ ಮಂದಿ ಬಾಯಿಗೆ ಕೈ ಹಾಕಿ ಬಂದಾನ ಅವ. ಆಕಿ ಹೆಂಗೂ ಹೊರಗ ಕೂತಾಳ, ಮೈಲಿಗಿ ಆದಾಕಿಗೆ ಇನ್ನೇನು ಮೈಲಿಗಿ? ಆಕೀ ಮೂಗಿಂದೇ ನಾಕೂ ತಗೊಂಡು ಹೋಗ್ಲಿ."

ವೆಂಕೋಬರಾಯರು ಗಂಟಲು ಸರಿಪಡಿಸಿಕೊಂಡರು. ಸರಕಾರಿ ನೌಕರಿ ಮಾಡಿದವರಿಗೆ ಸುಳ್ಳು ದಾಖಲೆ ಎಂದರೆ ಏನು ಎಂದು ಗೊತ್ತಿರಲಿಲ್ಲವೆಂದಲ್ಲ. ಆದರೆ ವ್ರತ ಅವರದ್ದೂ ಆಗಿತ್ತು, ಜನವರಿಯ ಚಳಿಯಲ್ಲಿ ಮತ್ತೆ ತಣ್ಣೀರು ಸ್ನಾನ ಮಾಡುವ ಕಷ್ಟವೂ ಅವರದ್ದೇ. ಹೆಂಡತಿ ಹೇಳುವುದರಲ್ಲಿ ಒಂದು ಅರ್ಥವಿದೆ ಎಂದರು. ಭಾರ್ಗವ್ ಎಲ್ಲರಿಗಿಂತ ಜಲ್ದಿ ಒಪ್ಪಿದ. ನಾಲ್ಕು ತಿಂಗಳಿಂದ ಮನೆ ಬಿಟ್ಟು ಹೋಗದವಳ ಮೂಗಿಗಿಂತ ಒಳ್ಳೆಯ ಮೂಗು ಎಲ್ಲಿ ಸಿಕ್ಕೀತು ಎಂದ.

ಅಂಜಿನಿ ಒಮ್ಮೆ ಕಿಟಕಿ ನೋಡಿದ, ಒಮ್ಮೆ ವಂದನಾಳನ್ನು ನೋಡಿದ. "ನಂಗೇನ್ರಿ, ನಾಕು ಕಡ್ಡಿ ತುಂಬಿದ್ರ ಆತು. ಆಮ್ಯಾಲ ಏನರ ಆದ್ರ ನನ್ ಹೆಸ್ರು ತಗೀಬ್ಯಾಡ್ರಿ," ಎಂದ. ವಂದನಾ ಗಂಡನ ಕಡೆ ನೋಡಲಿಲ್ಲ. ಕೊಡುತ್ತೇನೆ ಎಂದು ತಲೆ ಹಿಂದಕ್ಕೆ ಬಾಗಿಸಿ ಕೂತಳು.

ಮೊದಲ ಕಡ್ಡಿ ಅವಳ ಹೆಸರಿನದ್ದು. ಎರಡನೆಯದು ಗಂಡನದ್ದು, ಆಗಲೇ ಕಣ್ಣಲ್ಲಿ ನೀರು ಬಂತು. ಮೂರನೆಯದು, ಮಾವನ ಹೆಸರಿನದ್ದು, ತಿರುಗುವಾಗ ಮೂಗಿನೊಳಗೆ ಹಸಿ ಗಾಯಕ್ಕೆ ಉಪ್ಪು ತಗುಲಿದ ಹಾಗಾಗಿ ಕಡ್ಡಿಯ ತುದಿ ಕೆಂಪಾಯಿತು. ಅಂಜಿನಿ ಕೈ ತಡೆದ. ಕಿಟಕಿಯಿಂದ, ಕೆಮ್ಮಬೇಡ, ಇನ್ನೊಂದು ಇದೆ ಎಂಬ ಮಾತು ಬಂತು. ನಾಲ್ಕನೆಯದು ಅತ್ತೆಯದ್ದು. ಅದು ಮುಗಿದ ಮೇಲೆ ವಂದನಾ ಮೂಗಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿ ಕೂತಳು. ಅಷ್ಟು ನೋವಿನಲ್ಲೂ ಅವಳ ತಲೆಯಲ್ಲಿದ್ದದ್ದು ಹಡಗಿನ ಆ ಕೋಣೆಯ ದುಂಡನೆಯ ಕಿಟಕಿ.

ಶುಕ್ರವಾರ ಬೆಳಿಗ್ಗೆ ದ್ವಾದಶಿಯ ಪಾರಣೆ. ಎಲೆ ಹಾಕಿ, ವೆಂಕೋಬರಾಯರು ಅಂಗೈಯಲ್ಲಿ ತೀರ್ಥ ಹಿಡಿದಿದ್ದರು. ಆಗ ಹಿತ್ತಲಲ್ಲಿ ವಂದನಾಳ ಫೋನು ನಾಲ್ಕು ಸಲ ಸದ್ದು ಮಾಡಿತು. ನಾಲ್ಕು ಹಾಳೆ, ನಾಲ್ಕು ಹೆಸರು, ನಾಲ್ಕರ ಕೆಳಗೂ ಕೆಂಪು ಅಕ್ಷರ. ಅವಳು ಎರಡು ಸಲ ಮುಚ್ಚಿ ತೆರೆದು ನೋಡಿದಳು. ಆಮೇಲೆ ಹಿತ್ತಲ ಬಾಗಿಲ ಹೊಸ್ತಿಲಿನಿಂದ ಆಚೆಗೇ ನಿಂತು, ನಾಲ್ಕೂ ಪಾಸಿಟಿವ್ ಬಂದಿವೆ ಎಂದು ಹೇಳಿದಳು.

ತೀರ್ಥ ನೆಲದ ಪಾಲಾಯಿತು. ಮೊದಲು ಚೇತರಿಸಿಕೊಂಡವಳು ಗಂಗಾಬಾಯಿ. "ನಾಕೂ ಆಕೀ ಮೂಗೇ ಅಲ್ಲೇನು? ಆಕಿಗೆ ಬಂದದ. ನಮಗೇನಾಗ್ಯದ?" ಎಂದಳು.

ಎಂಥ ಚೊಕ್ಕ ನ್ಯಾಯ ನೋಡಿ. ನೆಗೆಟಿವ್ ಬಂದಿದ್ದರೆ ಅದು ನಾಲ್ವರ ಮೂಗಾಗುತ್ತಿತ್ತು. ಪಾಸಿಟಿವ್ ಬಂದದ್ದರಿಂದ ವಂದನಾ ಒಬ್ಬಳ ಮೂಗಾಯಿತು. ಮನೆ ಬಿಟ್ಟು ಹೋಗದವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ವಂದನಾ ಗಂಡನನ್ನು ನೋಡಿದಳು. ಸೀದ ಹಾಲಿನ ಸಂಗತಿ ಒಂದು ಮಾತು ಹೇಳಿದ್ದರೂ ಸಾಕಿತ್ತು, ಹಡಗು ಹೋದರೂ ಅವಳ ಮೇಲಿನ ಕಳಂಕ ಹೋಗುತ್ತಿತ್ತು. ಭಾರ್ಗವ್ ಗಡಿಯಾರ ನೋಡಿ, ಇನ್ನೂ ಟೈಮಿದೆ ಎಂದ.

ಅವನಿಗೆ ಒಂದು ಖಾತ್ರಿ ಮೂಗು ಬೇಕಾಗಿತ್ತು. ಇನ್ನೋವಾದ ಪಾಲಯ್ಯ ಬೇಸಗೆಯಲ್ಲೇ ಕೊರೊನಾ ಬಂದು ಎದ್ದವನು, ಎರಡೂ ಲಸಿಕೆ ಹಾಕಿಸಿಕೊಂಡವನು, ಕಲ್ಲುಗುಂಡಿನಂಥವನು. ಆರು ತಾಸಿನಲ್ಲಿ ವರದಿ ಕೊಡುವ ಇನ್ನೊಂದು ಲ್ಯಾಬು ಹುಡುಕಿ, ಅಲ್ಲಿಯ ಪರಿಚಯದವನನ್ನು ಹಿಡಿದು, ಪಾಲಯ್ಯನ ಮೂಗಿನಿಂದ ನಾಲ್ಕು ಕಡ್ಡಿ ತೆಗೆಸಿದ. ದ್ವಾದಶಿಯ ದಿನ ಉಪವಾಸದ ಅಡ್ಡಿ ಇರಲಿಲ್ಲ, ಸ್ವಂತ ಮೂಗು ಕೊಡಬಹುದಾಗಿತ್ತು. ಆದರೆ ಒಮ್ಮೆ ಮೈಗೆ ಹತ್ತಿದ ಸುಲಭವನ್ನು ಯಾರು ಬಿಡುತ್ತಾರೆ. ವೆಂಕೋಬರಾಯರು ಈ ಸಲ ಗಂಟಲು ಸಹ ಸರಿಪಡಿಸಿಕೊಳ್ಳಲಿಲ್ಲ.

ನಾಲ್ಕನೆಯ ಕಡ್ಡಿ ಯಾರ ಹೆಸರಿಗೆ ಎಂಬುದು ವಂದನಾಳಿಗೆ ತಿಳಿದದ್ದು ಹನ್ನೊಂದು ಗಂಟೆಗೆ. ಆಗ ಅವಳ ಮೈ ಸುಡಲು ಶುರುವಾಗಿತ್ತು. ಭಾರ್ಗವ್ ಬಚ್ಚಲ ಹಂಡೆಯ ಆಚೆ ನಿಂತು ಮಾತಾಡಿದ.

"ನಿನ್ನ ಫೋನಿಗೆ ಒಂದು ಒಟಿಪಿ ಬಂದಿರ್ತದ ನೋಡು. ಹೇಳು."

ಅವಳು ನೋಡಿದಳು. ಪ್ರಯಾಣಿಕರ ಹೆಸರು ಬದಲಾವಣೆಗೆ ಎಂದಿತ್ತು. ಹತ್ತುವುದಕ್ಕೆ ಇಪ್ಪತ್ತನಾಲ್ಕು ತಾಸು ಮುಂಚೆಯವರೆಗೆ ಬದಲಿಸಬಹುದು, ಏಳನೆಯ ಕಲಮು, ಆ ಕಲಮನ್ನು ಅವನಿಗೆ ಓದಿ ಹೇಳಿದವಳೇ ಅವಳು. ಯಾರ ಹೆಸರು ಎಂದು ಕೇಳಿದಳು.

"ಅಪೇಕ್ಷಾಂದು. ರೂಮು ಖಾಲಿ ಯಾಕ ಹೋಗಬೇಕು? ನೀ ಹೆಂಗೂ ಬರೂಹಂಗಿಲ್ಲ," ಎಂದ ಭಾರ್ಗವ್.

ಅಪೇಕ್ಷಾ ಅವನ ತಂಗಿ, ಸಂಡೂರಿಗೆ ಕೊಟ್ಟದ್ದು. ತನ್ನನ್ನು ಬಿಟ್ಟು ಹಡಗಿಗೆ ಹೊರಟರೆಂದು ತಿಂಗಳಿಂದ ಮುಖ ಊದಿಸಿಕೊಂಡಿದ್ದವಳು. ವಂದನಾ ಆರು ಅಂಕಿಗಳನ್ನು ಒಂದೊಂದಾಗಿ ಓದಿದಳು. ತನ್ನ ಹೆಸರನ್ನು ತಾನೇ ಅಳಿಸಿದ ಹಾಗಾಯಿತು. ಕೊನೆಯ ಅಂಕಿ ಕೇಳಿಸಲಿಲ್ಲ ಎಂದು ಅವನು ಮತ್ತೊಮ್ಮೆ ಹೇಳಿಸಿದ.

ಅಪೇಕ್ಷಾ ಒಂದು ತಾಸಿನಲ್ಲಿ ಬಂದಳು. ಅಷ್ಟು ಬೇಗ ಹೇಗೆ ಬಟ್ಟೆ ತುಂಬಿಕೊಂಡಳೋ. ಆದರೆ ಅವಳ ಚೀಲ ಸಣ್ಣದಾಯಿತು, ಅದಕ್ಕೆ ವಂದನಾಳ ಹೊಸ ಸೂಟ್‌ಕೇಸನ್ನು ಖಾಲಿ ಮಾಡಿಕೊಂಡರು. ಅದರೊಳಗಿನ ಬಟ್ಟೆಗಳನ್ನು ಒಂದು ಚಾದರದಲ್ಲಿ ಗಂಟು ಕಟ್ಟಿ ಹಿತ್ತಲ ಕೋಣೆಯ ಬಾಗಿಲಲ್ಲಿ ಇಟ್ಟರು. ಬಿಸಿಲಿಗೆಂದು ಅವಳು ತರಿಸಿಕೊಂಡಿದ್ದ ಅಗಲ ಅಂಚಿನ ಟೊಪ್ಪಿಗೆ ಮಾತ್ರ ಗಂಟಿನಲ್ಲಿರಲಿಲ್ಲ. ಅದು ಅಪೇಕ್ಷಾಳ ತಲೆಯ ಮೇಲಿತ್ತು. ವೈನಿ, ಬೇಜಾರು ಮಾಡ್ಕೋಬ್ಯಾಡ್ರಿ, ಫೋಟೋ ಕಳಸ್ತೀನಿ ಎಂದು ಅವಳು ದೂರದಿಂದಲೇ ಕೈ ಬೀಸಿದಳು.

ನಾಲ್ಕು ಗಂಟೆಗೆ ಪಾಲಯ್ಯನ ಮೂಗು ನೆಗೆಟಿವ್ ಎಂದು ನಾಲ್ಕು ಹೆಸರಿನಲ್ಲಿ ವರದಿ ಬಂತು. ನಾಲ್ಕೂವರೆಗೆ ಹೊರಟರು. ಗಂಗಾಬಾಯಿ ಹಿತ್ತಲ ಬಾಗಿಲಿಗೂ ತಲೆಬಾಗಿಲಿಗೂ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೇವರ ಮನೆ ಇದೆ, ರೋಗದ ಗಾಳಿ ಒಳಗೆ ಹೋಗಬಾರದು ಎಂಬುದು ಕಾರಣ. ನಾಳೆ ತನ್ನ ನಾಲ್ಕನೆಯ ದಿನ, ನೀರು ಹಾಕಿಕೊಂಡ ಮೇಲೆ ಒಳಗೆ ಬರುವುದು ಹೇಗೆ ಎಂದು ವಂದನಾ ಕೇಳಿದಳು. ಗಂಗಾಬಾಯಿಗೆ ಆ ಪ್ರಶ್ನೆ ಇಷ್ಟವಾಗಲಿಲ್ಲ. ಸಣ್ಣ ಗ್ಯಾಸ್ ಒಲೆ ಇದೆ, ಅಕ್ಕಿ ಇದೆ, ಮೆಂತ್ಯದ ಹಿಟ್ಟಿದೆ, ಉಪ್ಪಿನಕಾಯಿ ಕಾಗದದಲ್ಲಿ ಕಟ್ಟಿಟ್ಟಿದ್ದೇನೆ, ಇನ್ನೇನು ಬೇಕು ಎಂದಳು. ಹೋಗುವ ಮುನ್ನ ಸೊಸೆಗೆ ಒಂದು ಧರ್ಮದ ಮಾತನ್ನೂ ಹೇಳಿದಳು.

"ಬ್ಯಾಸರಾದ್ರ ದೇವರ ಹೆಸರು ಹೇಳ್ಕೋ. ಮನಸ್ಸಿನಾಗ ಹೇಳ್ಕೋ, ಬಾಯಿಲೆ ಬ್ಯಾಡ, ಇನ್ನಾ ಹೊರಗಿದ್ದಿ."

ಕಾರು ಓಣಿ ದಾಟಿದ ಹತ್ತು ನಿಮಿಷಕ್ಕೆ ಆಶಾ ಕಾರ್ಯಕರ್ತೆ ಹೊಳೆಮ್ಮ ಬಂದಳು. ಪಾಸಿಟಿವ್ ಬಂದ ಮನೆಗಳಿಗೆ ಗುಳಿಗೆ ಹಂಚುವ ಕೆಲಸ ಅವಳದ್ದು, ಪಟ್ಟಿಯಲ್ಲಿ ಈ ಮನೆಯ ನಾಲ್ಕು ಹೆಸರಿತ್ತು. ಸಂದಿಯಿಂದ ಹಿತ್ತಲಿಗೆ ಬಂದು, ಎಲ್ಲರೂ ಮನೆಯಲ್ಲೇ ಇದ್ದಾರೆಯೇ ಎಂದು ಕೇಳಿದಳು. ಏನು ಹೇಳಬೇಕೆಂದು ಭಾರ್ಗವ್ ಹೇಳಿಕೊಟ್ಟೇ ಹೋಗಿದ್ದ. ಒಳಗೆ ಮಲಗಿದ್ದಾರೆ ಎಂದಳು ವಂದನಾ. ಹೊಳೆಮ್ಮ ಹಿತ್ತಲ ಬಾಗಿಲಿಗೆ ಹೊರಗಿನಿಂದ ಬಿದ್ದಿದ್ದ ಬೀಗ ನೋಡಿದಳು. ಚಾದರದ ಗಂಟು ನೋಡಿದಳು, ಚಾಪೆ ನೋಡಿದಳು, ವಂದನಾಳ ಕೆಂಪೇರಿದ ಕಣ್ಣು ನೋಡಿದಳು.

"ನಾಕು ಮಂದೀದು ನಾಕು ಪೊಟ್ಟಣ ಅದಾವಮ್ಮ," ಎಂದು ಕಟ್ಟೆಯ ಮೇಲೆ ಇಟ್ಟಳು. "ಎಲ್ಲಾ ನೀನೊಬ್ಬಾಕಿನಾ ನುಂಗಬ್ಯಾಡ. ಪೊಟ್ಟಣದ ಮ್ಯಾಲ ನನ್ ನಂಬರ್ ಐತಿ, ಉಸ್ರು ಹತ್ತಿದ್ರ ಫೋನ್ ಹಚ್ಚು."

ಅವಳು ಹೋದ ಮೇಲೆ ವಂದನಾ ಅತ್ತಳು. ಇಡೀ ದಿನದಲ್ಲಿ ಅದೊಂದೇ ಸಲ. ಗಂಡನ ಮನೆಯವರ ಕ್ರೌರ್ಯಕ್ಕೆ ಬಾರದ ಅಳು ಬೇರೆಯವಳ ಒಂದು ಫೋನ್ ನಂಬರಿಗೆ ಬಂತು.

ಏಳೂಕಾಲಿಗೆ ಭಾರ್ಗವ್ ಫೋನು ಮಾಡಿದ. ಹುಬ್ಬಳ್ಳಿಯಲ್ಲಿ ಕಾರು ನಿಲ್ಲಿಸಿದ್ದರು. ಹಡಗು ಹತ್ತುವ ಹಿಂದಿನ ದಿನ ಆರೋಗ್ಯದ ಫಾರಮ್ಮು ತುಂಬಬೇಕಂತೆ, ಅದು ಅವಳ ಇಮೇಲಿಗೇ ಬಂದಿದೆ, ತುಂಬಿ ಕಳಿಸು ಎಂದ. ಜ್ವರ ಎಷ್ಟಿದೆ ಎಂದು ಕೇಳಲಿಲ್ಲ. ವಂದನಾ ಫೋನು ಇಡದೆಯೇ ಚಾಪೆಯ ಮೇಲೆ ಎದ್ದು ಕೂತು, ಗೋಡೆಗೆ ತಲೆ ಆನಿಸಿ ಒಂದೊಂದೇ ತುಂಬತೊಡಗಿದಳು. ಹೆಸರು, ವಯಸ್ಸು, ಲಸಿಕೆ. ಕೆಮ್ಮು ಇದೆಯೇ. ವಾಸನೆ ತಿಳಿಯುತ್ತದೆಯೇ. ಕಂಪ್ಲಿಯ ಅಂಗಡಿಯಲ್ಲಿದ್ದಾಗ ಯಾರ ಅರ್ಜಿಯನ್ನೂ ಅವಳು ಕೇಳದೆ ತುಂಬಿದವಳಲ್ಲ, ಇದನ್ನೂ ಕೇಳಿಯೇ ತುಂಬಿದಳು. ಒಂಬತ್ತನೆಯ ಪ್ರಶ್ನೆಗೆ ಬಂದು ನಿಂತಳು. ಹದಿನಾಲ್ಕು ದಿನಗಳಲ್ಲಿ ನಿಮ್ಮ ಮನೆಯಲ್ಲಾಗಲಿ, ಜೊತೆಗೆ ಪ್ರಯಾಣ ಮಾಡುವವರ ಮನೆಯಲ್ಲಾಗಲಿ ಯಾರಿಗಾದರೂ ಸೋಂಕು ತಗುಲಿದೆಯೇ ಎಂದಿತ್ತು. ಏನು ಹಾಕಲಿ ಎಂದು ಕೇಳಿದಳು.

ಭಾರ್ಗವ್ ತಡವರಿಸಿದ. ಫೋನು ಜೋರಾಗಿ ಇಟ್ಟಿದ್ದ, ಹಿಂದಿನ ಸೀಟಿನಿಂದ ಗಂಗಾಬಾಯಿಯ ದನಿ ಬಂತು.

"ಇಲ್ಲಂತ ಹಾಕಂತ ಹೇಳು. ಅದ್ರಾಗ ಸುಳ್ಳೇನದ? ಮನಿಯೊಳಗ ಯಾರಿಗೂ ಬಂದಿಲ್ಲ. ಆಕಿ ಹೊರಗ ಇದ್ದಾಳ."

ಕಾರಿನಲ್ಲಿ ಅಪೇಕ್ಷಾ ನಕ್ಕಳು. ಭಾರ್ಗವನೂ ಸಣ್ಣಗೆ ನಕ್ಕ. ಮಾತು ಬಾಯಿಗೆ ಬಂದ ಹಾಗೆ ಬಂದದ್ದು, ಅಂಥ ಯೋಚನೆ ಮಾಡಿ ಆಡಿದ್ದಲ್ಲ. ಆದರೆ ಒಂಬತ್ತು ವರ್ಷ ವಂದನಾ ತನಗೆ ತಾನೇ ಹೇಳಿಕೊಳ್ಳದೆ ಇದ್ದ ಮಾತನ್ನು ಅತ್ತೆ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಮೂಗು ಬೇಕಾದಾಗ ಮನೆಯವಳು, ಲೆಕ್ಕಕ್ಕೆ ಬಂದಾಗ ಹೊರಗಿನವಳು. ಅವಳಿಗೆ ಸಿಟ್ಟು ಬಂತು. ಜ್ವರದ ಕಾವಿಗಿಂತ ಅದು ಹಿತವಾಗಿತ್ತು.

ಆಯಿತು ಎಂದಳು. ನಾಲ್ಕು ಫಾರಮ್ಮಿನಲ್ಲೂ ಒಂಬತ್ತನೆಯ ಪ್ರಶ್ನೆಯ ಮುಂದೆ ಹೌದು ಎಂದು ಒತ್ತಿದಳು. ಯಾರಿಗೆ ಎಂದು ಕೇಳಿದ ಜಾಗದಲ್ಲಿ ಸೊಸೆ ವಂದನಾ ಎಂದು ಪೂರ್ತಿ ಬರೆದಳು. ಮೊದಲ ಲ್ಯಾಬಿನ ನಾಲ್ಕು ವರದಿಗಳನ್ನೂ ಲಗತ್ತಿಸಿದಳು. ತುಂಬಿದೆಯಾ ಎಂದು ಭಾರ್ಗವ್ ಕೇಳಿದ್ದಕ್ಕೆ, ತುಂಬಿದೆ ಎಂದಳು. ಜಾಣೆ ಎಂದು ಅವನು ಫೋನಿಟ್ಟ.

ಇಪ್ಪತ್ತು ನಿಮಿಷಕ್ಕೆ ಕಂಪನಿಯ ಇಮೇಲು ಬಂತು. ನಿಮ್ಮ ಉತ್ತರದ ಪ್ರಕಾರ ನಾಲ್ವರಿಗೂ ಪ್ರವೇಶವಿಲ್ಲ, ದಯವಿಟ್ಟು ಬಂದರಿಗೆ ಬರಬೇಡಿ, ಇನ್ನೊಂದು ದಿನಾಂಕಕ್ಕೆ ಟಿಕೆಟು ಬದಲಿಸಿಕೊಡುತ್ತೇವೆ ಎಂದು ವಿನಯದಿಂದ ಬರೆದಿದ್ದರು. ಅಷ್ಟನ್ನು ಆಗಲೇ ಗಂಡನಿಗೆ ಕಳಿಸಿದ್ದರೆ ಅವರು ಹುಬ್ಬಳ್ಳಿಯಿಂದಲೇ ಕಾರು ತಿರುಗಿಸುತ್ತಿದ್ದರು. ವಂದನಾ ಕಳಿಸಲಿಲ್ಲ. ಫೋನನ್ನು ಚಾರ್ಜಿಗೆ ಹಾಕಿ ಮಲಗಿದಳು. ಅವಳು ಒಳ್ಳೆಯವಳು ಎಂದು ನಾನೆಲ್ಲೂ ಹೇಳಿಲ್ಲ.

ಶನಿವಾರ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯಿಸಿ, ಮೈ ನಡುಗುತ್ತಿದ್ದರೂ ತಲೆಗೆ ಹಾಕಿಕೊಂಡಳು. ಗಂಟು ಬಿಚ್ಚಿ, ಹಡಗಿನಲ್ಲಿ ಉಡಲೆಂದು ತೆಗೆದಿಟ್ಟಿದ್ದ ಸೀರೆ ಉಟ್ಟಳು. ರೂಢಿಯ ಕಾಲು, ಹಿತ್ತಲ ಬಾಗಿಲವರೆಗೆ ನಡೆದುಹೋಯಿತು. ಬೀಗ ಮುಟ್ಟಿದ ಮೇಲೆ ನೆನಪಾಯಿತು. ಒದ್ದೆ ಕೂದಲಲ್ಲೇ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಹೊಳೆಮ್ಮ ಕೊಟ್ಟ ಗುಳಿಗೆ ನುಂಗಿದಳು.

ಒಂದೂಮುಕ್ಕಾಲಿಗೆ ಭಾರ್ಗವನ ಫೋನು ಬಂತು. ಹಿಂದೆ ಜನರ ಗದ್ದಲ, ಹಡಗಿನ ಕೂಗು. ಏನು ತುಂಬಿ ಸತ್ತೆ ಎಂದು ಅರಚಿದ. ಗೇಟಿನಲ್ಲಿ ಅವರ ಹೆಸರು ಹೊಡೆದ ಕೂಡಲೇ ಪರದೆ ಕೆಂಪಾಗಿ, ಸಾಲಿನಿಂದ ನಾಲ್ವರನ್ನೂ ಪಕ್ಕಕ್ಕೆ ಎಳೆದಿದ್ದರು. ಎರಡು ಲ್ಯಾಬಿನ ಎರಡು ಥರದ ವರದಿ ನೋಡಿ ಬಂದರಿನ ವೈದ್ಯರು ಅಲ್ಲೇ ಕುರ್ಚಿ ಹಾಕಿ ಕೂರಿಸಿ, ಒಬ್ಬೊಬ್ಬರ ಮೂಗಿಗೆ ಒಂದೊಂದು ಕಡ್ಡಿ ಹಾಕಿದ್ದರು. ಈ ಸಲ ಯಾರ ಮೂಗು ಅವರದ್ದೇ. ಹದಿನೈದು ನಿಮಿಷಕ್ಕೆ ಭಾರ್ಗವ್ ಮತ್ತು ಗಂಗಾಬಾಯಿಯದ್ದು ಪಾಸಿಟಿವ್ ಬಂದಿತ್ತು. ವೆಂಕೋಬರಾಯರೂ ಅಪೇಕ್ಷಾಳೂ ಅವರ ಜೊತೆ ಬಂದವರೆಂದು ಅವರನ್ನೂ ಬಿಡಲಿಲ್ಲ. ನಾಲ್ವರಿಗೂ ಬೇರೆ ಬೇರೆ ಕೋಣೆ, ಏಳು ದಿನ ಹೊರಗೆ ಬರುವಂತಿಲ್ಲ. ನಿನಗೆ ತಲೆ ಕೆಟ್ಟಿದೆಯೇ, ಹೀಗೆ ಯಾಕೆ ಮಾಡಿದೆ ಎಂದು ಭಾರ್ಗವ್ ಕೇಳಿದ.

"ನಿಮಗ ಗುರುವಾರ ಹಾಲು ಸೀದದ್ದು ವಾಸನಿ ಬಂದಿತ್ತೇನ್ರಿ?" ಎಂದಳು ವಂದನಾ.

ಫೋನಿನಲ್ಲಿ ಹಡಗು ಇನ್ನೊಮ್ಮೆ ಕೂಗಿದ್ದು ಅವಳಿಗೂ ಕೇಳಿಸಿತು. ಕಣ್ಣಿಂದ ಕಾಣದಿದ್ದರೂ ಕಿವಿಗಾದರೂ ಬಿತ್ತಲ್ಲ ಎಂದುಕೊಂಡಳು.

ಸಂಜೆ ಆರಕ್ಕೆ ಗಂಗಾಬಾಯಿಯೇ ಫೋನು ಮಾಡಿದಳು. ಬೈಗುಳಕ್ಕೆ ಸಿದ್ಧಳಾಗಿ ವಂದನಾ ಫೋನು ಎತ್ತಿದರೆ ಆ ಕಡೆಯ ದನಿ ಗುರುತೇ ಸಿಗದಷ್ಟು ಸಣ್ಣಗಾಗಿತ್ತು.

"ವಂದನಾ, ನನ್ನ ಒಬ್ಬಾಕೀನ ಒಂದು ಖೋಲಿಯಾಗ ಹಾಕ್ಯಾರ. ಊಟ ಬಾಗಲದಾಗ ಇಟ್ಟು ದೂರ ಸರೀತಾರ. ಯಾರೂ ಹತ್ರ ಬರೂದಿಲ್ಲ. ಅದ್ರಾಗ ಉಳ್ಳಾಗಡ್ಡಿ ಹಾಕ್ಯಾರೋ ಇಲ್ಲೋ ಗೊತ್ತಾಗವಲ್ದು, ನನಗ ವಾಸನಿನೇ ಬರವಲ್ದು. ಮುಂಜಾನಿಂದ ಏನೂ ತಿಂದಿಲ್ಲ. ನಿನಗ ರೂಲ್ಸ್ ಎಲ್ಲಾ ಗೊತ್ತದಲ್ಲ, ಹಿಂಗ ಎಷ್ಟು ದಿನ?"

ವಂದನಾಳಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆಮೇಲೆ ಅತ್ತೆಯ ಸೊಂಟದಲ್ಲಿದ್ದ ಬೀಗದ ಕೈ ನೆನಪಾಯಿತು. ಅದೂ ಅದೇ ಕೋಣೆಯಲ್ಲಿತ್ತು, ಗೋವಾದಲ್ಲಿ.

"ಏಳು ದಿನ ಅತ್ತಿ," ಎಂದಳು. "ಬೀಗದ ಕೈ ನಿಮ್ಮ ಹತ್ರನೇ ಅದ, ನಾನೂ ಇಲ್ಲೇ ಇರ್ತೀನಿ. ಊಟ ಇಟ್ಟವರು ಸರದ ಮ್ಯಾಲೇ ಬಾಗಲಾ ತಗೀರಿ. ತಾಟು ನೀವೇ ತೊಳದು ಬೋರಲು ಹಾಕಿ ಇಡ್ರಿ. ಇಲ್ಲಾಂದ್ರ ಯಾರೂ ಮುಟ್ಟೂದಿಲ್ಲ."

ಫೋನನ್ನು ಕಿವಿಗೆ ಒತ್ತಿ ಹಿಡಿದೇ ವಂದನಾ ಬಗ್ಗಿ, ತನ್ನ ಮಧ್ಯಾಹ್ನದ ತಾಟನ್ನು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು.